ಕೆರೆ ಒಡೆಯಿತೆಂದ ಹುಡುಗ, ಬರೆ ಬಿರಿದಿದೆ ಎಂದ ಹೆಂಗಸು: ಕೊಡಗಿನ ಒಂದು ಪ್ರಕರಣ

ವಿರಾಜಪೇಟೆ ತಾಲ್ಲೂಕಿನ ಒಂದು ಪೈಸಾರಿಯಲ್ಲಿ (ಸರ್ಕಾರಿ ಜಾಗದ ವಸತಿಯಲ್ಲಿ) ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ಕೊಡವ ತಿಂಗಳ, ಒಂದೇ ವಾರದಲ್ಲಿ ಇಬ್ಬರು ತಮ್ಮ ಮೊಬೈಲಿನಿಂದ ಊರಿಗೆ ಎಚ್ಚರಿಕೆ ಕೊಟ್ಟರು. ಒಬ್ಬನ ಮಾತಿನಿಂದ ಒಬ್ಬ ಅಜ್ಜಿಯ ಸೊಂಟದ ಮೂಳೆ ಮುರಿಯಿತು. ಇನ್ನೊಬ್ಬರ ಮಾತಿನಿಂದ ಯಾರಿಗೂ ಗಾಯವಾಗಲಿಲ್ಲ. ಒಬ್ಬ ಹೋಮ್‌ಸ್ಟೇ ಮಾಲೀಕರಿಗೆ ಬರಬೇಕಿದ್ದ ಅತಿಥಿಗಳು ಬರಲಿಲ್ಲ, ಅಷ್ಟೇ. ಪೊಲೀಸ್ ಠಾಣೆಯ ಕಡತದಲ್ಲಿ ಮಾತ್ರ ಎರಡೂ ‘ವದಂತಿ ಹರಡಿದ್ದು’ ಎಂಬ ಒಂದೇ ಸಾಲಿನಲ್ಲಿ ಸೇರಿಕೊಂಡವು. ಆ ಹೆಂಗಸಿನ ಪರವಾಗಿ ಉತ್ತರ ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಆ ಒಂದು ಸಾಲು ಎಷ್ಟು ತಪ್ಪು, ಯಾಕೆ ತಪ್ಪು ಎಂದು ವಿವರವಾಗಿ ಹೇಳಲೇಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಜನರ ಹೆಸರನ್ನೂ ಬಿಟ್ಟಿದ್ದೇನೆ. ಎಲ್ಲರೂ ಇನ್ನೂ ಅದೇ ದಾರಿಯಲ್ಲಿ ಎದುರುಬದುರಾಗಿ ನಡೆಯಬೇಕಾದವರು.

ಜಾಗದ ಪರಿಚಯ ಸ್ವಲ್ಪ ಬೇಕು. ಗುಡ್ಡದ ನಡುವಿನ ಮಟ್ಟದಲ್ಲಿ ಪೈಸಾರಿ ಮನೆಗಳಿವೆ. ಅವುಗಳ ಪಕ್ಕದಲ್ಲೇ ಕಾಫಿ ತೋಟದ ಲೈನ್ ಮನೆಗಳು. ಅಲ್ಲಿರುವವರಲ್ಲಿ ಹೆಚ್ಚಿನವರು ಯರವ ಬುಡಕಟ್ಟಿನವರು. ಮೇಲೆ ಒಂದು ಬದಿಗೆ ತೋಟದ ಕೆರೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸಲು ಕಟ್ಟಿದ ಮಣ್ಣಿನ ಏರಿಯ ಕೆರೆ ಅದು. ಕೊಡಗಿನ ತೋಟಗಳಲ್ಲಿ ಇಂಥವು ಬೇಕಾದಷ್ಟಿವೆ. ಮೇಲಿನ ಇನ್ನೊಂದು ಬದಿಯಲ್ಲಿ ಹೋಮ್‌ಸ್ಟೇಗೆ ರಸ್ತೆ ಮಾಡಲು ಜೆಸಿಬಿಯಿಂದ ಗುಡ್ಡವನ್ನು ನೇರವಾಗಿ ಕಡಿದಿದ್ದಾರೆ. ಕೆರೆಯ ಕೋಡಿ ನೀರು ಒಂದು ತೋಡಾಗಿ ಇಳಿದು, ಪೈಸಾರಿಯಿಂದ ಡಾಂಬರು ರಸ್ತೆಗೆ ಹೋಗುವ ಕಾಲುದಾರಿಯನ್ನು ಅಡ್ಡ ದಾಟುತ್ತದೆ. ದಾಟಲು ಅಡಿಕೆ ಮರದ ಕಾಲುಸಂಕವಿದೆ. ಈ ಕಾಲುಸಂಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಳೆಗಾಲದ ಭಯ ಈ ಜಿಲ್ಲೆಗೆ ಯಾರೋ ಬಿತ್ತಿದ್ದಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬಟ್ಟಗೇರಿಯ ಕಡೆ ಗುಡ್ಡಗಳು ಮನೆಗಳನ್ನು ಹೊತ್ತುಕೊಂಡು ಇಳಿದವು. ಮರುವರ್ಷ ಇದೇ ತಾಲ್ಲೂಕಿನ ತೋರದಲ್ಲಿ ಬೆಟ್ಟ ಕುಸಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸೇರಿತು. 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕೈ, ಚೂರಲ್‌ಮಲೆ ಕೊಚ್ಚಿಹೋದವು. ಮಳೆ ನಾಲ್ಕು ದಿನ ಬಿಡದೆ ಸುರಿದರೆ ಇಲ್ಲಿಯ ಜನ ಮಲಗುವುದು ಅರೆನಿದ್ದೆಯಲ್ಲಿ. ಯಾವ ಮಾತು ಎಷ್ಟು ಬೇಗ ಜನರನ್ನು ಎಬ್ಬಿಸಿ ಓಡಿಸುತ್ತದೆ ಎಂಬುದು ಈ ಹಿನ್ನೆಲೆಯಿಲ್ಲದೆ ಅರ್ಥವಾಗುವುದಿಲ್ಲ.

ಎರಡು ಮಾತುಗಳು

ಮೊದಲನೆಯದು ಹಗಲಿನದು. ಪೈಸಾರಿಯ ಒಬ್ಬ ಹೆಂಗಸು, ತೋಟದ ಕೂಲಿ ಮಾಡುವವರು, ತಮ್ಮ ಮನೆಯ ಹಿಂದಿನ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ವಿಡಿಯೊ ಮಾಡಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಅದರಲ್ಲಿ ಅವರು ಹೇಳಿದ್ದು ಇಷ್ಟು: ಇದು ನಮ್ಮ ಮನೆಯ ಹಿಂದಿನ ಬರೆ. ಮೊನ್ನೆ ಬೆರಳು ಹೋಗುವಷ್ಟು ಬಿರುಕು ಇತ್ತು, ಇವತ್ತು ಕೈಯೇ ಹೋಗುತ್ತದೆ. ಮೇಲೆ ರಸ್ತೆಗೆ ಕಡಿದ ಮೇಲೆ ಹೀಗಾಗಿದೆ. ಪಂಚಾಯಿತಿಯವರು ಬಂದು ನೋಡಬೇಕು, ಕೆಳಗೆ ಮಕ್ಕಳಿದ್ದಾರೆ. ಹೀಗೆನ್ನುತ್ತಾ ಬಿರುಕಿನೊಳಗೆ ಕೈ ಇಟ್ಟು ತೋರಿಸಿದ್ದರು. ಹೋಮ್‌ಸ್ಟೇಯ ಹೆಸರು ಹೇಳಿರಲಿಲ್ಲ. ಆದರೆ ಅಲ್ಲಿ ರಸ್ತೆ ಮಾಡಿಸಿದವರು ಒಬ್ಬರೇ ಆದ್ದರಿಂದ ಹೇಳುವ ಅಗತ್ಯವೂ ಇರಲಿಲ್ಲ. ವಿಡಿಯೊ ಗುಂಪಿನಿಂದ ಗುಂಪಿಗೆ ಹೋಯಿತು, ಬರಬೇಕಿದ್ದ ಅತಿಥಿಗಳ ಕೈಗೂ ಸಿಕ್ಕಿತು.

ಎರಡನೆಯದು ಮೂರು ದಿನದ ಬಳಿಕ, ರಾತ್ರಿ ಹನ್ನೊಂದರ ಹೊತ್ತಿಗೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ಇಪ್ಪತ್ತು ತುಂಬದ ಒಬ್ಬ ಹುಡುಗ ಕೆರೆಯ ಕಡೆಯಿಂದ ನೀರಿನ ಭೋರ್ಗರೆತ ಕೇಳಿದ. ಕೋಡಿ ಬಿದ್ದಿತ್ತು, ಕೆರೆ ತುಂಬಿದರೆ ಕೋಡಿ ಬೀಳಲೇಬೇಕು. ಅವನು ಏರಿಯ ಹತ್ತಿರ ಹೋಗಿ ನೋಡಲಿಲ್ಲ. ಮನೆಯ ಜಗಲಿಯಲ್ಲಿ ನಿಂತೇ ಧ್ವನಿ ಸಂದೇಶ ಕಳಿಸಿದ: ತೋಟದ ಕೆರೆ ಒಡೆದಿದೆ, ಕೆಳಗಿನ ಲೈನ್ ಮನೆಯ ಹತ್ತಿರ ಎರಡು ಹೆಣ ಸಿಕ್ಕಿದೆ, ಪಂಚಾಯಿತಿಯಿಂದಲೇ ಹೇಳಿದ್ದಾರೆ, ಎಲ್ಲರೂ ಈಗಲೇ ರಸ್ತೆಗೆ ಓಡಿ.

ಜನ ಓಡಿದರು. ಮನೆಗಳಿದ್ದದ್ದು ತೋಡಿಗಿಂತ ಬಹಳ ಎತ್ತರದಲ್ಲಿ. ಏರಿ ನಿಜವಾಗಿ ಒಡೆದಿದ್ದರೂ ನೀರು ಅಲ್ಲಿಗೆ ಬರುತ್ತಿರಲಿಲ್ಲ. ಆ ಸಂದೇಶ ಅವರನ್ನು ಸುರಕ್ಷಿತ ಜಾಗದಿಂದ ಎಬ್ಬಿಸಿ, ಕತ್ತಲೆಯಲ್ಲಿ, ಮಕ್ಕಳನ್ನು ಸೊಂಟದಲ್ಲಿ ಇಟ್ಟುಕೊಂಡು, ಕೋಡಿ ನೀರು ಉಕ್ಕುತ್ತಿದ್ದ ಅದೇ ತೋಡಿನ ಕಾಲುಸಂಕಕ್ಕೆ ಕರೆತಂದಿತು. ಲೈನ್ ಮನೆಯ ಅಜ್ಜಿ ಜಾರಿ ಬಿದ್ದದ್ದು ಅಲ್ಲಿಯೇ. ಜತೆಗಿದ್ದವರು ಸೀರೆಯಲ್ಲಿ ತೊಟ್ಟಿಲು ಮಾಡಿ ಹೊತ್ತು ರಸ್ತೆಗೆ ತಂದರು. ಬೆಳಗಿನವರೆಗೆ ವಾಹನ ಸಿಗಲಿಲ್ಲ. ವಿರಾಜಪೇಟೆಯಲ್ಲಿ ಎಕ್ಸ್‌ರೇ ತೆಗೆದು ಮೈಸೂರಿಗೆ ಕಳಿಸಿದರು. ಆ ಅಜ್ಜಿ ಆ ವರ್ಷ ಕಾಫಿ ಕುಯ್ಯಲು ಹೋಗಲಿಲ್ಲ. ಈಗಲೂ ಕೋಲಿಲ್ಲದೆ ಏಳುವುದಿಲ್ಲ.

ಹುಡುಗ ಇಪ್ಪತ್ತು ನಿಮಿಷದೊಳಗೆ ಸಂದೇಶವನ್ನು ಅಳಿಸಿದ್ದ. ಅಷ್ಟರಲ್ಲಿ ಬೇರೆಯವರು ಅದನ್ನು ಮುಂದಕ್ಕೆ ಕಳಿಸಿಯಾಗಿತ್ತು. ಒಮ್ಮೆ ಮುಂದಕ್ಕೆ ಹೋದ ಧ್ವನಿ ಸಂದೇಶದಲ್ಲಿ ಮೊದಲು ಕಳಿಸಿದವರು ಯಾರೆಂದು ಕಾಣುವುದಿಲ್ಲ. ‘ಎಲ್ಲಿ ನೋಡಿದೆ ಮಾರಾಯ, ಯಾರು ಹೇಳಿದರು?’ ಎಂದು ಕೇಳಬೇಕಾದರೂ ಕೇಳಲು ಎದುರಿಗೆ ಯಾರೂ ಇರಲಿಲ್ಲ.

ಠಾಣೆಯಲ್ಲಿ ಆದದ್ದು

ಹುಡುಗನನ್ನು ಕರೆಸಿದರು, ಸರಿ. ಅದೇ ದಿನ ಹೋಮ್‌ಸ್ಟೇ ಮಾಲೀಕರ ದೂರಿನ ಮೇಲೆ ಹೆಂಗಸಿಗೂ ಹಾಜರಾಗುವಂತೆ ನೋಟಿಸ್ ಹೋಯಿತು. ಆರೋಪ ಇಬ್ಬರ ಮೇಲೂ ಒಂದೇ: ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಮತ್ತು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ. ಅದರ ಮೇಲೆ, ಗುಂಪುಗಳಲ್ಲಿ ಯಾರೂ ಬರೆ, ಗುಡ್ಡ, ಹೊಳೆಯ ಚಿತ್ರ ಹಾಕಬಾರದು, ಹಾಕಿದರೆ ಅಡ್ಮಿನ್ ಮೇಲೂ ಕೇಸು ಎಂಬ ಮಾತು ಹರಡಿತು. ಅಡ್ಮಿನ್ ಆಗಿದ್ದ ಶಿಕ್ಷಕರು ಹೆದರಿ, ಬೇರೆ ಯಾರೂ ಏನೂ ಬರೆಯಲಾಗದಂತೆ ಗುಂಪನ್ನು ಮುಚ್ಚಿದರು.

ಈ ಮೂರನೆಯ ಸಂಗತಿ ಈ ಪ್ರಕರಣದ ಅತ್ಯಂತ ಅಪಾಯದ ಭಾಗ ಎಂದು ನನ್ನ ದೃಢ ಅಭಿಪ್ರಾಯ. ಮಳೆ ನಿಂತಿರಲಿಲ್ಲ. ಬಿರುಕು ಅಲ್ಲೇ ಇತ್ತು. ಬಿರುಕನ್ನು ದಿನವೂ ನೋಡುತ್ತಿದ್ದವರ ಬಾಯಿ ಮಾತ್ರ ಕಟ್ಟಿತ್ತು. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಇತರರ ಸಂದೇಶಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಆ ತೀರ್ಪುಗಳು ಮಳೆಯ ರಾತ್ರಿಯಲ್ಲಿ ಒಬ್ಬ ಶಿಕ್ಷಕರ ಕಿವಿಗೆ ತಲುಪುವುದಿಲ್ಲ. ‘ಕೇಸು’ ಎಂಬ ಮಾತು ಮಾತ್ರ ತಲುಪುತ್ತದೆ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(2) ಅದಕ್ಕೆ ಹಾಕಬಹುದಾದ ನಿರ್ಬಂಧಗಳ ಪಟ್ಟಿ ಕೊಡುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ಹೊರದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ: ಒಟ್ಟು ಎಂಟು. ಈ ಪಟ್ಟಿಯಾಚೆಗೆ ಹೊಸ ನಿರ್ಬಂಧ ಸೇರಿಸಲಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ ಮತ್ತೆ ಹೇಳಿತು. ಪಟ್ಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ‘ಸುಳ್ಳು’ ಇಲ್ಲ. ‘ಭಯ’ ಇಲ್ಲ. ‘ವ್ಯಾಪಾರಕ್ಕೆ ನಷ್ಟ’ ಅಂತೂ ಇಲ್ಲವೇ ಇಲ್ಲ. ಸುಳ್ಳು ಹೇಳಿದ ಮಾತ್ರಕ್ಕೆ ಜೈಲಿಗೆ ಹಾಕಲು ಬರುವುದಿಲ್ಲ. ಆ ಸುಳ್ಳು ಎಂಟರಲ್ಲಿ ಒಂದನ್ನು, ಇಲ್ಲಿಯ ಮಟ್ಟಿಗೆ ಸಾರ್ವಜನಿಕ ಸುವ್ಯವಸ್ಥೆಯನ್ನು, ಕೆಡಿಸಿರಬೇಕು.

ಕೆಡಿಸುವುದು ಎಂದರೆ ಎಷ್ಟು? ಮಾತಿಗೂ ಕೇಡಿಗೂ ನಡುವಿನ ನಂಟು ದೂರದ್ದೋ ಊಹೆಯದ್ದೋ ಆಗಿರಬಾರದು, ಸಿಡಿಮದ್ದಿಗೆ ತಗುಲಿದ ಕಿಡಿಯಷ್ಟು ಹತ್ತಿರದ್ದಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ, ಒಂದು ತಮಿಳು ಚಿತ್ರದ ಪ್ರದರ್ಶನದ ವ್ಯಾಜ್ಯದಲ್ಲಿ ಹೇಳಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅನ್ನು 2015ರ ಮಾರ್ಚ್ 24ರಂದು ರದ್ದುಮಾಡಿದಾಗಲೂ ಅದೇ ನ್ಯಾಯಾಲಯ ಚರ್ಚೆಯನ್ನೂ ಪ್ರತಿಪಾದನೆಯನ್ನೂ ಪ್ರಚೋದನೆಯಿಂದ ಬೇರೆ ಮಾಡಿ ನೋಡಿತು. ಕಿರಿಕಿರಿ, ಮುಜುಗರ, ಅಸಮಾಧಾನ ಹುಟ್ಟಿಸಿತು ಎಂಬುದು ಶಿಕ್ಷೆಗೆ ಕಾರಣವಾಗದು ಎಂಬುದು ಆ ತೀರ್ಪಿನ ಸಾರ.

ಈಗ ಎರಡು ಕಲಂಗಳಿಗೆ ಬರೋಣ. 353(1)(ಬಿ) ಜನರಲ್ಲಿ ಭಯ ಹುಟ್ಟಿಸುವ ಹೇಳಿಕೆಯ ಬಗ್ಗೆ ಮಾತನಾಡುತ್ತದೆ ಎಂದು ಠಾಣೆಯವರು ಅಲ್ಲಿಗೆ ನಿಲ್ಲಿಸಿದ್ದರು. ಕಲಂ ಅಲ್ಲಿಗೆ ನಿಲ್ಲುವುದಿಲ್ಲ. ಆ ಭಯದಿಂದ ಯಾರಾದರೂ ರಾಷ್ಟ್ರದ ವಿರುದ್ಧವೋ ಸಾರ್ವಜನಿಕ ನೆಮ್ಮದಿಯ ವಿರುದ್ಧವೋ ಅಪರಾಧ ಎಸಗುವಂತಿರಬೇಕು ಎಂದು ಮುಂದುವರಿಯುತ್ತದೆ. ಪೈಸಾರಿಯ ಜನ ಯಾವ ಅಪರಾಧ ಮಾಡಿದರು? ಮಕ್ಕಳನ್ನು ಎತ್ತಿಕೊಂಡು ಓಡಿದರು. ಹಾಗಾಗಿ ಹುಡುಗನ ಮಾತಿಗೂ ಈ ಕಲಂ ಸರಿಯಾಗಿ ಕೂರುವುದಿಲ್ಲ. ಜತೆಗೆ ಅದೇ ಕಲಂನಲ್ಲಿ ಒಂದು ವಿನಾಯಿತಿ ಇದೆ: ಹೇಳಿಕೆ ನಿಜವೆಂದು ನಂಬಲು ಸಮಂಜಸವಾದ ಆಧಾರವಿದ್ದು, ಸದ್ಭಾವನೆಯಿಂದ, ಕೇಡಿನ ಉದ್ದೇಶವಿಲ್ಲದೆ ಹೇಳಿದರೆ ಅದು ಅಪರಾಧವೇ ಅಲ್ಲ. ಹೆಂಗಸಿಗೆ ನೋಟಿಸ್ ಕೊಡುವ ಮುನ್ನ ಯಾರಾದರೂ ಆ ವಿನಾಯಿತಿಯನ್ನು ಓದಿ, ಮನೆಯ ಹಿಂದೆ ಹೋಗಿ ಬಿರುಕು ನೋಡಿದ್ದರೆ ನೋಟಿಸೇ ಬೇಕಿರಲಿಲ್ಲ.

54ನೇ ಕಲಂ ಹೆಚ್ಚು ನೇರವಾದದ್ದು. ವಿಪತ್ತಿನ ಬಗ್ಗೆ ಅಥವಾ ಅದರ ತೀವ್ರತೆಯ ಬಗ್ಗೆ ಸುಳ್ಳು ಎಚ್ಚರಿಕೆ ಕೊಟ್ಟು ಅಥವಾ ಹಂಚಿ, ಅದರಿಂದ ಜನ ದಿಗಿಲುಬಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ. ಎಚ್ಚರಿಕೆ ಸುಳ್ಳಾಗಿರಬೇಕು, ದಿಗಿಲು ನಿಜವಾಗಿ ಆಗಿರಬೇಕು. ಹುಡುಗನ ಸಂದೇಶದಲ್ಲಿ ಎರಡೂ ಇವೆ. ಆದರೆ ಈ ಕಾಯ್ದೆಯ 60ನೇ ಕಲಂ ಪ್ರಕಾರ ನ್ಯಾಯಾಲಯ ಪ್ರಕರಣ ಎತ್ತಿಕೊಳ್ಳಬೇಕಾದರೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಂಥ ಅಧಿಕೃತರು ದೂರು ಕೊಟ್ಟಿರಬೇಕು, ಇಲ್ಲವೇ ಮೂವತ್ತು ದಿನಗಳ ನೋಟಿಸ್ ಕೊಟ್ಟು ಒಬ್ಬ ವ್ಯಕ್ತಿ ದೂರು ಸಲ್ಲಿಸಬೇಕು. ಠಾಣೆಯ ವರದಿಯೊಂದೇ ಸಾಲದು. ಇದು ಬರೀ ತಾಂತ್ರಿಕ ತಡೆ ಎಂದು ಕೆಲವರು ಗೊಣಗಿದರು. ನನಗೆ ಹಾಗೆ ಕಾಣುವುದಿಲ್ಲ. ಗುಡ್ಡ, ಕೆರೆ, ಮಳೆಯ ಲೆಕ್ಕ ಗೊತ್ತಿರುವ ಪ್ರಾಧಿಕಾರವೇ ಮೊದಲು ‘ಈ ಎಚ್ಚರಿಕೆ ಸುಳ್ಳು’ ಎಂದು ಪರಿಶೀಲಿಸಿ ಹೇಳಲಿ ಎಂಬ ಬುದ್ಧಿವಂತಿಕೆ ಆ ಕಲಂನಲ್ಲಿದೆ.

ಹುಡುಗನ ವಾದ, ಮತ್ತು ಎರಡು ಹೆಣಗಳು

ಹುಡುಗನ ಪರ ವಾದವನ್ನು ಅದರ ಪೂರ್ಣ ಬಲದಲ್ಲಿ ಹೇಳುತ್ತೇನೆ, ಏಕೆಂದರೆ ಅದು ಹಗುರವಾದ ವಾದವಲ್ಲ. ಅವನು ಶಬ್ದ ಕೇಳಿದ್ದು ನಿಜ. ಏರಿ ಮಣ್ಣಿನದ್ದು, ಮಳೆ ವಿಪರೀತ, ಎಲ್ಲರ ತಲೆಯಲ್ಲೂ ವಯನಾಡು. ಹೋಗಿ ನೋಡಿ ಬರುವಷ್ಟರಲ್ಲಿ ತಡವಾದರೆ? ತಪ್ಪಾದರೂ ಪರವಾಗಿಲ್ಲ, ಬೇಗ ಹೇಳುವುದೇ ಮೇಲು ಎಂದು ಅವನ ಅಮ್ಮ ಠಾಣೆಯ ಮೆಟ್ಟಿಲ ಮೇಲೆ ನಿಂತು ವಾದಿಸಿದರು. ಅವನು ‘ಕೆರೆಯ ಕಡೆ ಜೋರು ಶಬ್ದ ಬರುತ್ತಿದೆ, ಏರಿ ಒಡೆದಿರಬಹುದು, ತೋಡಿನ ಹತ್ತಿರ ಯಾರೂ ಹೋಗಬೇಡಿ’ ಎಂದಿದ್ದರೆ ನಾನು ಅವನ ಪರವಾಗಿಯೂ ಉತ್ತರ ಬರೆಯುತ್ತಿದ್ದೆ. ಏರಿ ಒಡೆಯದಿದ್ದರೂ ಬರೆಯುತ್ತಿದ್ದೆ. ಗಾಬರಿಯಲ್ಲಿ ತಪ್ಪು ತಿಳಿದವನನ್ನು ದಂಡಿಸಿದರೆ ಮುಂದಿನ ಸಲ ನಿಜವಾಗಿ ಒಡೆದಾಗ ಕೂಗುವವರು ಇರುವುದಿಲ್ಲ.

ಆದರೆ ಎರಡು ಹೆಣಗಳನ್ನು ಅವನು ಎಲ್ಲಿಯೂ ನೋಡಿರಲಿಲ್ಲ. ಯಾರೂ ಅವನಿಗೆ ಹೇಳಿರಲೂ ಇಲ್ಲ. ಪಂಚಾಯಿತಿಯಿಂದ ಕರೆ ಬಂದಿರಲಿಲ್ಲ. ಇವು ತಪ್ಪು ತಿಳಿವಳಿಕೆಯಲ್ಲ. ಜನ ನಂಬಲಿ, ತಡಮಾಡದೆ ಏಳಲಿ ಎಂದು ಸೇರಿಸಿದ ಮಾತುಗಳು. ಅಂದು ರಾತ್ರಿ ಓಡಿದವರನ್ನು ನಾನು ಕೇಳಿದ್ದೇನೆ. ಶಬ್ದಕ್ಕೆ ಯಾರೂ ಎದ್ದಿರಲಿಲ್ಲ. ಕೋಡಿಯ ಶಬ್ದ ಪ್ರತಿ ಮಳೆಗಾಲದಲ್ಲೂ ಕೇಳುವವರು ಅವರು. ಹೆಣ ಎಂಬ ಮಾತಿಗೆ ಎದ್ದರು, ಪಂಚಾಯಿತಿ ಎಂಬ ಮಾತಿಗೆ ಮನೆ ಬಿಟ್ಟರು. ಯಾವ ಎರಡು ಮಾತುಗಳು ಅಜ್ಜಿಯನ್ನು ಕಾಲುಸಂಕದ ಮೇಲೆ ತಂದು ನಿಲ್ಲಿಸಿದವೋ ಅವೇ ಎರಡು ಮಾತುಗಳು ಸುಳ್ಳೆಂದು ಅವನಿಗೆ ಗೊತ್ತಿತ್ತು. ಅವನ ಸ್ವಾತಂತ್ರ್ಯ ಮುಗಿಯುವುದು ಅಲ್ಲಿ. ಭಯ ಹುಟ್ಟಿತೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಸುಳ್ಳೆಂದು ತಿಳಿದೂ ಹೇಳಿದ ಮಾತು, ಇನ್ನೊಬ್ಬರು ಅದನ್ನು ತಿದ್ದುವ ಮುನ್ನವೇ, ಮೈಮೇಲೆ ಗಾಯ ಮಾಡಿತು.

‘ತಿದ್ದುವ ಮುನ್ನವೇ’ ಎಂಬುದಕ್ಕೆ ತೂಕವಿದೆ. ಕೆಟ್ಟ ಮಾತಿಗೆ ಮದ್ದು ಇನ್ನಷ್ಟು ಮಾತು ಎಂದು ನಾನೂ ನಂಬುತ್ತೇನೆ. ಹೆಂಗಸಿನ ವಿಡಿಯೊ ತಪ್ಪೆಂದರೆ ಮಾಲೀಕರು ಮರುದಿನ ಎಂಜಿನಿಯರನ್ನು ಕರೆತಂದು ಬರೆ ಗಟ್ಟಿಯಿದೆ ಎಂದು ತೋರಿಸಬಹುದಿತ್ತು. ಸಮಯವಿತ್ತು, ಹಗಲಿತ್ತು, ಗುಂಪು ತೆರೆದಿತ್ತು. ರಾತ್ರಿ ಹನ್ನೊಂದರ ಸಂದೇಶಕ್ಕೆ ಉತ್ತರ ಕೊಡಲು ಯಾರಿಗೂ ಬಿಡುವಿರಲಿಲ್ಲ. ಪಂಚಾಯಿತಿ ಸದಸ್ಯರೊಬ್ಬರು ‘ಕೆರೆ ಸರಿಯಾಗಿದೆ’ ಎಂದು ಹಾಕಿದರು ಕೂಡ. ಅಷ್ಟು ಹೊತ್ತಿಗೆ ಅಜ್ಜಿ ತೋಡಿನ ದಡದಲ್ಲಿ ಬಿದ್ದಿದ್ದರು.

ಸಂದೇಶವನ್ನು ಮುಂದಕ್ಕೆ ಕಳಿಸಿದವರ ವಿಷಯ ಬೇರೆ. ಕಲಂನ ಭಾಷೆಯಲ್ಲಿ ‘ಹಂಚಿದವರು’ ಅವರೂ ಹೌದು. ಲೈನ್ ಮನೆಯ ತಂಗಿಗೆ ಕಳಿಸಿದ ಅಕ್ಕನ ಮೇಲೆ ಕೇಸು ಹಾಕಬೇಕೆ? ಖಂಡಿತ ಬೇಡ. ಪಂಚಾಯಿತಿಯ ಹೆಸರಿದ್ದ ಮಾತನ್ನು ಅವಳು ನಂಬಿದಳು, ನಂಬಿ ತನ್ನವರನ್ನು ಉಳಿಸಲು ನೋಡಿದಳು.

ಹೆಂಗಸಿನ ವಿಡಿಯೊ

ಮಾಲೀಕರ ಪರ ವಕೀಲರು ಸಭೆಯೊಂದರಲ್ಲಿ, ತುಂಬಿದ ನಾಟಕಮಂದಿರದಲ್ಲಿ ಸುಮ್ಮನೆ ಬೆಂಕಿ ಎಂದು ಕೂಗಲು ಯಾರಿಗೂ ಸ್ವಾತಂತ್ರ್ಯವಿಲ್ಲ ಎಂಬ ಪ್ರಸಿದ್ಧ ದೃಷ್ಟಾಂತವನ್ನು ಹೇಳಿದರು. ಆ ಮಾತು ಅಮೆರಿಕದ ನ್ಯಾಯಮೂರ್ತಿ ಹೋಮ್ಸ್ 1919ರಲ್ಲಿ ಬರೆದದ್ದು. ಯಾವ ಪ್ರಕರಣದಲ್ಲಿ ಬರೆದರು ಎಂಬುದನ್ನು ವಕೀಲರು ಹೇಳಲಿಲ್ಲ. ಅಲ್ಲಿ ಯಾರೂ ಬೆಂಕಿ ಎಂದು ಕೂಗಿರಲಿಲ್ಲ. ಯುದ್ಧಕ್ಕೆ ಜನರನ್ನು ಕಡ್ಡಾಯವಾಗಿ ಸೇರಿಸಿಕೊಳ್ಳುವುದನ್ನು ವಿರೋಧಿಸಿ ಕರಪತ್ರ ಹಂಚಿದವರ ಶಿಕ್ಷೆಯನ್ನು ಎತ್ತಿಹಿಡಿಯಲು ಆ ದೃಷ್ಟಾಂತ ಬಳಕೆಯಾಯಿತು. ಅಮೆರಿಕದ ಅದೇ ನ್ಯಾಯಾಲಯ 1969ರಲ್ಲಿ ಆ ಅಳತೆಗೋಲನ್ನು ಬಿಟ್ಟು, ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ ಮಾತನ್ನು ಮಾತ್ರ ಶಿಕ್ಷಿಸಬಹುದು ಎಂಬ ಬಿಗಿಯಾದ ಅಳತೆಗೆ ಬಂತು. ಹೊಗೆ ಕಂಡು ಕೂಗಿದವರ ಮೇಲೆ ಈ ದೃಷ್ಟಾಂತವನ್ನು ಎಸೆಯುವುದು ಹಳೆಯ ಚಾಳಿ.

ಆ ಹೆಂಗಸಿಗೆ ಆಧಾರವಿತ್ತು: ಕಣ್ಣೆದುರಿನ ಬಿರುಕು, ಅದು ದಿನದಿನಕ್ಕೆ ಅಗಲವಾದದ್ದು, ಮೇಲೆ ಕಡಿದ ಗುಡ್ಡ. ಅವರು ಯಾರಿಗೂ ಓಡಿ ಎನ್ನಲಿಲ್ಲ. ಬಂದು ನೋಡಿ ಎಂದರು. ಇಳಿಜಾರನ್ನು ಮನಬಂದಂತೆ ಕಡಿದದ್ದು ಕುಸಿತಕ್ಕೆ ಮುಖ್ಯ ಕಾರಣವೆಂದು 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತ್ತು. ಕೂಲಿ ಮಾಡುವ ಹೆಂಗಸು ತನ್ನ ಬರೆಯಲ್ಲಿ ಅದನ್ನೇ ಕಂಡರೆ ಅದು ವದಂತಿ ಹೇಗಾಗುತ್ತದೆ?

ಮಾನನಷ್ಟದ ಮಾತು ಉಳಿಯುತ್ತದೆ. ಮೊದಲನೆಯದಾಗಿ, ಅದು ಪೊಲೀಸರು ತಾವಾಗಿ ತನಿಖೆ ಮಾಡುವ ಅಪರಾಧವಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಅಲ್ಲಿಗೆ ಹೋದರೂ, ನ್ಯಾಯ ಸಂಹಿತೆಯ 356ನೇ ಕಲಂನ ವಿನಾಯಿತಿಗಳಲ್ಲಿ ಕೊನೆಯದ್ದು ಈ ವಿಡಿಯೊಗೆಂದೇ ಬರೆದಂತಿದೆ: ಕೇಳುವವರ ಅಥವಾ ಸಾರ್ವಜನಿಕರ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಮಾನನಷ್ಟವಲ್ಲ. ಮಾಲೀಕರಿಗೆ ನಷ್ಟವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಕಟ್ಟಿದ ಹೋಮ್‌ಸ್ಟೇ ಅದು, ಮಳೆಗಾಲದ ಅತಿಥಿಗಳನ್ನೇ ನಂಬಿದ್ದದ್ದು. ಆದರೆ ಎಲ್ಲ ನಷ್ಟವೂ ಕಾನೂನು ತಡೆಯಬೇಕಾದ ಕೇಡಲ್ಲ. ಬಿರುಕಿನ ಸುದ್ದಿಯಿಂದ ಬುಕಿಂಗ್ ರದ್ದಾದರೆ ಅದಕ್ಕೆ ಕಾರಣ ಬಿರುಕು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದಿಲ್ಲ. ಆ ಬರೆ ಆ ಮಳೆಗಾಲದಲ್ಲಿ ಕುಸಿಯಲಿಲ್ಲ. ‘ನೋಡಿ, ಏನೂ ಆಗಲಿಲ್ಲವಲ್ಲ’ ಎಂದು ಮಾಲೀಕರ ಕಡೆಯವರು ಈಗಲೂ ಹೇಳುತ್ತಾರೆ. ಹೆಂಗಸಿನ ಹಕ್ಕು ಗುಡ್ಡ ಬೀಳುವವರೆಗೆ ಕಾಯಬೇಕೆ? ಎಚ್ಚರಿಕೆ ಕೊಟ್ಟ ಹೊತ್ತಿನಲ್ಲಿ ಆಧಾರವಿತ್ತೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ಅನಾಹುತವಾಗದ ಎಚ್ಚರಿಕೆಗಳನ್ನೆಲ್ಲ ವದಂತಿ ಎಂದು ಕರೆದರೆ, ಹೆಣ ಬಿದ್ದ ಮೇಲೆ ಮಾತ್ರ ಮಾತನಾಡುವ ಸ್ವಾತಂತ್ರ್ಯ ಉಳಿಯುತ್ತದೆ.

ಸುಪ್ರೀಂ ಕೋರ್ಟ್ ಈ ಎರಡು ಬದಿಗಳನ್ನೂ ಕೋವಿಡ್ ಕಾಲದಲ್ಲಿ ಕಂಡಿದೆ. ಲಾಕ್‌ಡೌನ್ ಮೂರು ತಿಂಗಳಿಗೂ ಮೀರುತ್ತದೆಂಬ ಸುಳ್ಳು ಸುದ್ದಿಯಿಂದ ದಿಗಿಲುಬಿದ್ದು ವಲಸೆ ಕಾರ್ಮಿಕರು ನಡೆದುಕೊಂಡು ಹೊರಟರೆಂದು 2020ರ ಮಾರ್ಚ್ 31ರ ಆದೇಶದಲ್ಲಿ ಹೇಳುತ್ತಾ ಇದೇ 54ನೇ ಕಲಂ ಅನ್ನು ನೆನಪಿಸಿತು. ಮರುವರ್ಷ ಏಪ್ರಿಲ್ 30ರಂದು, ಆಮ್ಲಜನಕವಿಲ್ಲ, ಹಾಸಿಗೆಯಿಲ್ಲ ಎಂದು ಜಾಲತಾಣಗಳಲ್ಲಿ ಮೊರೆಯಿಟ್ಟವರನ್ನು ಸುಳ್ಳು ಹರಡುವವರೆಂದು ದಂಡಿಸಲು ಹೊರಟರೆ ಅದನ್ನು ನ್ಯಾಯಾಂಗ ನಿಂದನೆಯಾಗಿ ಪರಿಗಣಿಸಲಾಗುವುದು ಎಂದು ಎಚ್ಚರಿಸಿತು. ನಮ್ಮ ಉತ್ತರದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆವು.

ಈಗಿನ ಸ್ಥಿತಿ

ಹೆಂಗಸಿನ ಮೇಲಿನ ದೂರು ಮುಂದುವರಿಯಲಿಲ್ಲ. ತೆಗೆದಿಟ್ಟುಕೊಂಡಿದ್ದ ಮೊಬೈಲನ್ನು ಮರಳಿಸಿದರು. ಬರೆಯನ್ನು ಪರಿಶೀಲಿಸಿದ ಅಧಿಕಾರಿಗಳು ಮೇಲಿನ ರಸ್ತೆಯ ಬದಿಗೆ ಚರಂಡಿ ತೆಗೆಸಿ ನೀರನ್ನು ಬೇರೆಡೆಗೆ ತಿರುಗಿಸಲು ಮಾಲೀಕರಿಗೆ ಸೂಚಿಸಿದರು. ಚರಂಡಿ ಅರ್ಧ ಆಗಿದೆ. ಗುಂಪು ಮತ್ತೆ ತೆರೆದಿದೆ, ಆದರೆ ಆ ಶಿಕ್ಷಕರು ಅಡ್ಮಿನ್ ಆಗಿ ಮರಳಲಿಲ್ಲ.

ಹುಡುಗನ ಮೇಲೆ ಪ್ರಾಧಿಕಾರದ ದೂರು ದಾಖಲಾಗಿದೆ. ಅವನನ್ನು ಜೈಲಿಗೆ ಕಳಿಸಬೇಕೆಂದು ಪೈಸಾರಿಯಲ್ಲಿ ಯಾರೂ ಕೇಳುತ್ತಿಲ್ಲ, ನಾನೂ ಕೇಳುವುದಿಲ್ಲ. ಅಜ್ಜಿಯ ಮನೆಯವರು ಕೇಳುತ್ತಿರುವುದು ಬೇರೆ: ದಂಡದ ಹಣ ಸರ್ಕಾರಕ್ಕೆ ಹೋದರೆ ನಮಗೇನು ಬಂತು? ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಂ ಪ್ರಕಾರ, ಆರೋಪ ಸಾಬೀತಾದರೆ ಅಪರಾಧದಿಂದ ಗಾಯಗೊಂಡವರಿಗೆ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಮೈಸೂರಿನ ಆಸ್ಪತ್ರೆಯ ಬಿಲ್ಲುಗಳು, ಒಂದು ಕುಯ್ಲಿನ ಕೂಲಿಯ ಲೆಕ್ಕ, ತೋಟದ ರೈಟರು ಬರೆದುಕೊಟ್ಟ ಹಾಜರಿ ಪುಸ್ತಕದ ನಕಲು ಸೇರಿಸಿ ಅರ್ಜಿ ಸಿದ್ಧವಾಗಿದೆ. ಕಾಲುಸಂಕದ ಜಾಗಕ್ಕೆ ಕಾಂಕ್ರೀಟ್ ಸೇತುವೆ ಬೇಕೆಂಬ ಇನ್ನೊಂದು ಅರ್ಜಿ ಪಂಚಾಯಿತಿಯಲ್ಲಿದೆ. ಅದಕ್ಕೆ ಮೊದಲ ಸಹಿ ವಿಡಿಯೊ ಮಾಡಿದ ಹೆಂಗಸಿನದ್ದು, ಕೆಳಗೆ ಹುಡುಗನ ಅಮ್ಮನದ್ದೂ ಇದೆ.